ದೋಣಿಗೆ ಕರೆದವನ ಹೊಣೆ

ಯೌವನಸ್ಥರ ಕೂಟದ ಸಂದೇಶ
ಓದುವ ಭಾಗ: ಯೋಹಾನ 21:1–17, ಮತ್ತಾಯ 5:23–24

ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಬಂದಿರುವ ತಮ್ಮಂದಿರಿಗೆ, ತಂಗಿಯರಿಗೆ, ಮತ್ತು ಬೆಂಗಳೂರಿನ ಪಿಜಿ ರೂಮುಗಳಲ್ಲಿ ಕೂತು ಆನ್‌ಲೈನ್‌ನಲ್ಲಿ ಕೇಳ್ತಿರುವ ನಮ್ಮ ಸಭೆಯ ಮಕ್ಕಳಿಗೆ ಸ್ವಾಗತ. ಬೈಬಲ್ ತೆಗೆದುಕೊಳ್ಳಿರಿ. ಮೊಬೈಲಿನಲ್ಲಿ ಓದುವವರು ದಯವಿಟ್ಟು ವಾಟ್ಸಾಪ್ ಮುಚ್ಚಿ ಓದಿರಿ.

ವಾಟ್ಸಾಪ್ ಅಂದಾಗ ನೆನಪಾಯಿತು. ಹೋದ ವಾರ ನಮ್ಮ ಗುಂಪಿಗೆ ಒಂದು ವಿಡಿಯೋ ಬಂತು, ನೋಡಿರಬೇಕು. ನಮ್ಮ ಸಭೆಯಲ್ಲೇ ಬೆಳೆದು ಈಗ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕೆಲಸ ಮಾಡ್ತಿರುವ ಒಬ್ಬ ಸಹೋದರ ಕಳಿಸಿದ್ದು. ನಾಲ್ಕು ಜನ ಗೆಳೆಯರು ಸಣ್ಣ ಅಲ್ಯುಮಿನಿಯಂ ದೋಣಿಯಲ್ಲಿ ಪೋರ್ಟ್ ಫಿಲಿಪ್ ಕೊಲ್ಲಿಗೆ ಹೋಗಿ ಸ್ನ್ಯಾಪರ್ ಅನ್ನೋ ಕೆಂಪು ಮೀನು ಹಿಡೀತಾರೆ. ಹಿಡಿದ ಮೀನನ್ನು ಅಳತೆಪಟ್ಟಿಯ ಮೇಲಿಟ್ಟು, 28 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ವಾಪಸ್ ನೀರಿಗೆ ಬಿಡ್ತಾರೆ. ಅದು ಅಲ್ಲಿಯ ಕಾನೂನು. ನೀವೆಲ್ಲ ಮೀನು ನೋಡಿದ್ರಿ, ದೋಣಿ ನೋಡಿದ್ರಿ. ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ನಾಲ್ಕೂ ಜನರ ಮೈಮೇಲೆ ಲೈಫ್ ಜಾಕೆಟ್ ಇತ್ತು. ಅಂಥ ಸಣ್ಣ ಮೋಟಾರು ದೋಣಿ ನಡೀತಿರುವಾಗ ಅದು ಎಲ್ಲರ ಮೈಮೇಲೆ ಇರಲೇಬೇಕು ಅಂತ ಆ ರಾಜ್ಯದಲ್ಲಿ ನಿಯಮ ಇದೆ.

ವಿಡಿಯೋ ಬಂದ ರಾತ್ರಿಯೇ ಶುರುವಾಯ್ತು: "ಪಾಸ್ಟರ್, ನಾವೂ ಹೋಗೂಣ್ರಿ, ನಾರಾಯಣಪುರ ಹಿನ್ನೀರಿಗೆ!" ಒಬ್ಬ ತಮ್ಮ ಮಾತ್ರ ಬೇರೆಯಾಗಿ ಮೆಸೇಜ್ ಹಾಕಿ ಕೇಳಿದ: "ಪಾಸ್ಟರ್, ವಿಶ್ವಾಸಿಗಳು ಹಿಂಗ ಗೆಳೆಯರ ಜೋಡಿ ಮೀನು ಹಿಡಿಯಾಕ ಅಡ್ಡಾಡೋದು ಪಾಪ ಏನ್ರಿ? ಆ ಗೆಳೆಯರು ವಿಶ್ವಾಸಿಗಳಲ್ಲದಿದ್ರ?"

ಒಳ್ಳೆಯ ಪ್ರಶ್ನೆ. ಈ ಸಂದೇಶ ಆ ತಮ್ಮನಿಗೆ ಉತ್ತರ. ಆದರೆ ಉತ್ತರ ಕೊಡೋಕೆ ಹೋದರೆ ನಾನು ನನ್ನ ಒಂದು ಪಾಪವನ್ನೂ ಹೇಳಬೇಕಾಗ್ತದೆ.

1. ಒಬ್ಬನು ಹೊರಟ, ಆರು ಜನ ಹಿಂದೆ ಬಂದರು

ಯೋಹಾನ 21ನೇ ಅಧ್ಯಾಯ. ಯೇಸು ಎದ್ದು ಬಂದಿದ್ದಾನೆ, ಶಿಷ್ಯರು ನೋಡಿದ್ದಾರೆ. ಆದರೂ ಪೇತ್ರನ ಮನಸ್ಸಿಗೆ ಸಮಾಧಾನ ಇಲ್ಲ. ತಿಬೇರಿಯ ಸಮುದ್ರದ ಹತ್ತಿರ ಏಳು ಜನ ಕೂತಿದ್ದಾರೆ: ಪೇತ್ರ, ತೋಮ, ಕಾನಾ ಊರಿನ ನತಾನಯೇಲ, ಜೆಬೆದಾಯನ ಇಬ್ಬರು ಮಕ್ಕಳು, ಹೆಸರು ಹೇಳದ ಇನ್ನಿಬ್ಬರು. ಪೇತ್ರ ತಾನು ಮೀನು ಹಿಡಿಯೋಕೆ ಹೋಗ್ತೀನಿ ಅಂತಾನೆ. ಉಳಿದ ಆರೂ ಜನ ತಾವೂ ಬರ್ತೀವಿ ಅಂತ ಎದ್ದು ದೋಣಿ ಹತ್ತುತ್ತಾರೆ.

1986ರಲ್ಲಿ ಆ ಗಲಿಲಾಯದ ಸರೋವರದ ನೀರು ಬರದಿಂದ ಇಳಿದಾಗ ಕೆಸರಿನಲ್ಲಿ ಒಂದು ಹಳೇ ದೋಣಿ ಸಿಕ್ಕಿತು. ಯೇಸುವಿನ ಕಾಲದ ಸುಮಾರಿನದು. ಉದ್ದ 8 ಮೀಟರಿಗೆ ಸ್ವಲ್ಪ ಹೆಚ್ಚು, ಅಗಲ ಸುಮಾರು 2.3 ಮೀಟರ್. ಅಂಥ ದೋಣಿಯಲ್ಲಿ ಏಳು ಜನ, ಬಲೆ, ರಾತ್ರಿಯೆಲ್ಲ ಕೆಲಸ. ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗ್ತದೆ. ಒಬ್ಬರ ಸಿಟ್ಟು ಇನ್ನೊಬ್ಬರಿಗೆ ಗೊತ್ತಾಗ್ತದೆ. ಅಲ್ಲಿ ಮುಖವಾಡ ಹಾಕಿಕೊಂಡು ಕೂರೋಕೆ ಜಾಗ ಇಲ್ಲ.

ಬೆಳಗಾದಾಗ ದಡದಲ್ಲಿ ಯೇಸು ನಿಂತಿದ್ದ. ಮೀನಿಗೆ ಯಾಕೆ ಹೋದಿರಿ ಅಂತ ಗದರಿಸಿದನಾ? ಇಲ್ಲ. ಬಲೆ ಎಲ್ಲಿ ಹಾಕಬೇಕು ಅಂತ ಹೇಳಿದ. 153 ದೊಡ್ಡ ಮೀನು ಸಿಕ್ಕವು. ಆಮೇಲೆ ತಿಂಡಿಗೆ ಕರೆದ. ಆದ್ದರಿಂದ ತಮ್ಮಾ, ನಿನ್ನ ಪ್ರಶ್ನೆಗೆ ಮೊದಲ ಉತ್ತರ: ಗೆಳೆಯರ ಜೊತೆ ಮೀನು ಹಿಡಿಯೋದು ಪಾಪ ಅಲ್ಲ. ಕರ್ತನು ದೋಣಿಯನ್ನು ದ್ವೇಷಿಸಲಿಲ್ಲ, ದೋಣಿಯ ಹತ್ತಿರಕ್ಕೇ ಬಂದ. ಆಮೆನ್?

ಆದರೆ ಒಂದನ್ನು ಗಮನಿಸಿರಿ. ನಾನು ಹೊರಟೆ ಅಂತ ಒಬ್ಬನು ಹೇಳಿದ, ಆರು ಜನ ಬಂದರು. ನಿನ್ನ ಒಂದು ಮಾತಿಗೆ ಎಷ್ಟು ಜನ ಎದ್ದು ಬರ್ತಾರೆ ಅನ್ನೋದು ನಿನಗೆ ಗೊತ್ತಿರಲ್ಲ. ಪಾಪ ಇದ್ದರೆ ಅಲ್ಲಿ ಇರ್ತದೆ: ಕರೆದುಕೊಂಡು ಹೋಗಿ, ಕೈ ಬಿಡೋದರಲ್ಲಿ.

2. ಹರಿಗೋಲಿಗೆ ಮುಂದು ಹಿಂದು ಇಲ್ಲ

ಕೃಷ್ಣಾ ದಂಡೆಯವರಿಗೆ ಹರಿಗೋಲು ಗೊತ್ತು. ಸಿಂಧನೂರಿನ ಮಕ್ಕಳಿಗಾಗಿ ಹೇಳ್ತೀನಿ, ನಿಮಗೆ ಕಾಲುವೆ ನೀರು ಗೊತ್ತು, ಹೊಳೆ ಗೊತ್ತಿಲ್ಲ. ಬಿದಿರಿನಿಂದ ದೊಡ್ಡ ಬುಟ್ಟಿ ಹೆಣೀತಾರೆ. ಹಿಂದೆ ಅದಕ್ಕೆ ಚರ್ಮ ಹೊದಿಸ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳೀತಾರೆ. ದುಂಡಗಿರ್ತದೆ. ಒಂದೇ ಕಡೆ ಹುಟ್ಟು ಹಾಕಿದರೆ ಸುತ್ತುತ್ತಾ ನಿಲ್ಲುತ್ತದೆ, ಮುಂದೆ ಹೋಗಲ್ಲ. ಭಾರ ಎಲ್ಲಾ ಕಡೆ ಸಮ ಇರಬೇಕು. ಎಲ್ಲರೂ ಒಂದೇ ಕಡೆ ಬಾಗಿದರೆ ಮಗುಚುತ್ತದೆ.

13 ವರ್ಷದ ಹಿಂದೆ, ನನಗೆ 21 ವಯಸ್ಸು. ದೀಕ್ಷಾಸ್ನಾನ ಆಗಿತ್ತು. ಸಭೆಯಲ್ಲಿ ಆರಾಧನೆ ನಡೆಸ್ತಿದ್ದೆ, ಗಿಟಾರ್ ಬಾರಿಸ್ತಿದ್ದೆ. ಒಂದು ಶನಿವಾರ ಐದು ಜನ ಗೆಳೆಯರು ಮೂರು ಬೈಕಿನಲ್ಲಿ ಲಿಂಗಸುಗೂರು ದಾಟಿ ಕೃಷ್ಣಾ ದಂಡೆಗೆ ಹೋದೆವು. ಅಲ್ಲಿಂದ ಜಲದುರ್ಗ ದೂರ ಇಲ್ಲ; ಹೊಳೆ ಎರಡು ಸೀಳಾಗಿ ನಡುಗಡ್ಡೆ ಸುತ್ತಿ ಹರೀತದಲ್ಲ, ಆ ಸೀಮೆ. ಗಾಳ, ದಾರ, ಎರೆಹುಳು, ಜೋಳದ ಹಿಟ್ಟಿನ ಉಂಡೆ ಎಲ್ಲಾ ತಂದಿದ್ವಿ. ಹರಿಗೋಲಿನ ಯಜಮಾನ ವಯಸ್ಸಾದವರು. "ಮೂರು ಮಂದಿ ಮ್ಯಾಲ ಕುಂದ್ರಬ್ಯಾಡ್ರಪ್ಪ," ಅಂದರು. ಅವರು ಊಟಕ್ಕೆ ಹೋದ ಮೇಲೆ ನಾವು ಐದೂ ಜನ ಹತ್ತಿದೆವು. ಹತ್ತೋಣ ಅಂದವನು ನಾನೇ.

ನಮ್ಮಲ್ಲಿ ಒಬ್ಬ ಮಸ್ಕಿಯವನು, ಗ್ಯಾರೇಜಿನಲ್ಲಿ ಕೆಲಸ. ವಿಶ್ವಾಸಿ ಅಲ್ಲ, ಆದರೆ ಪ್ರತಿ ಕ್ರಿಸ್‌ಮಸ್‌ಗೆ ನಮ್ಮ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರ್ತಿದ್ದ. ಅವನು ಹತ್ತೋ ಮುಂಚೆ ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ: "ಲೇ, ನಂಗ ಈಜು ಬರಲ್ಲಲೇ." ನಾನು ನಕ್ಕು, "ನಾ ಅದೀನಿ ಬಾರಲೇ," ಅಂದೆ.

ನಡುನೀರಿನಲ್ಲಿ ಒಬ್ಬನ ಗಾಳಕ್ಕೆ ದೊಡ್ಡ ಮೀನು ಬಿತ್ತು. ಐದೂ ಜನ ಅದನ್ನು ನೋಡೋಕೆ ಒಂದೇ ಕಡೆ ಬಾಗಿದೆವು. ಅಷ್ಟೇ.

ನೀರಿನೊಳಗೆ ಅವನು ನನ್ನ ಅಂಗಿ ಹಿಡಿದ. ಗಟ್ಟಿಯಾಗಿ ಹಿಡಿದ. ನಾನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಬಿಡಿಸಿ ದಡಕ್ಕೆ ಈಜಿದೆ.

ಮುಳುಗುವವನು ಅಪ್ಪಿ ಹಿಡಿದರೆ ಇಬ್ಬರೂ ಮುಳುಗ್ತಾರೆ ಅಂತ ಈಜು ಬಲ್ಲವರು ಹೇಳ್ತಾರೆ. ಅದು ನಿಜ. ವರ್ಷಗಟ್ಟಲೆ ನಾನು ಅದೇ ಮಾತನ್ನು ನನಗೆ ನಾನೇ ಹೇಳಿಕೊಂಡೆ. ಆದರೆ ದಡ ಮುಟ್ಟಿದ ಮೇಲೆ ನಾನು ಏನು ಮಾಡಿದೆ? ಬಿದಿರು ಹುಡುಕಲಿಲ್ಲ, ಹಗ್ಗ ಹುಡುಕಲಿಲ್ಲ, ಕೂಗಲೂ ಇಲ್ಲ. ಕಲ್ಲಿನ ಮೇಲೆ ಕೂತು ನಡುಗಿದೆ. ಕೂಗಿದವರು ಉಳಿದ ಗೆಳೆಯರು. ಅವನು ಮಗುಚಿದ ಹರಿಗೋಲಿನ ಅಂಚು ಹಿಡಿದು ತೇಲ್ತಿದ್ದ. ಆ ಯಜಮಾನರು ಊಟ ಬಿಟ್ಟು ಓಡಿ ಬಂದು, ಇನ್ನೊಂದು ಹರಿಗೋಲು ಹಾಕಿ ಅವನನ್ನು ಎಳೆದು ತಂದರು. ಅವನು ಬದುಕಿದ. ಕರ್ತನಿಗೆ ಸ್ತೋತ್ರ.

ಮರುದಿನ ಭಾನುವಾರ. ನಾನು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ: ಕರ್ತನು ನನ್ನನ್ನು ನೀರಿನಿಂದ ಎತ್ತಿದ ಅಂತ. ಸಭೆಯೆಲ್ಲ ಹಲ್ಲೆಲೂಯಾ ಅಂದಿತು. ಬೆರಳು ಬಿಡಿಸಿದ್ದು ಹೇಳಲಿಲ್ಲ. ಪ್ರಿಯರೇ, ಆ ಸಾಕ್ಷಿಯಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆದರೂ ಅದು ಸುಳ್ಳು ಸಾಕ್ಷಿ.

ಆ ವರ್ಷ ಕ್ರಿಸ್‌ಮಸ್‌ಗೆ ಅವನು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಯಾರಾದರೂ ಕೇಳಿದರೆ ನಾನು, ಅವನ ಹೃದಯ ಕಠಿಣವಾಗಿದೆ, ಪ್ರಾರ್ಥನೆ ಮಾಡಿರಿ ಅಂತಿದ್ದೆ.

3. ಎರಡು ಬೆಂಕಿ

ಬೈಬಲ್ ಕಾಲೇಜಿನಲ್ಲಿ ಯೋಹಾನನ ಸುವಾರ್ತೆ ಓದುವಾಗ ಒಂದು ವಿಷಯ ಕಲಿತೆ. ದಡದಲ್ಲಿ ಯೇಸು ಹೊತ್ತಿಸಿದ್ದು ಇದ್ದಿಲ ಬೆಂಕಿ. ಅದಕ್ಕೆ ಗ್ರೀಕಿನಲ್ಲಿ ಇರುವ ಪದ ಅಂಥ್ರಾಕಿಯಾ. ಹೊಸ ಒಡಂಬಡಿಕೆಯಲ್ಲಿ ಆ ಪದ ಬರೋದು ಎರಡೇ ಕಡೆ. ಒಂದು ಇಲ್ಲಿ, 21:9. ಇನ್ನೊಂದು 18:18, ಮಹಾಯಾಜಕನ ಅಂಗಳ. ಚಳಿ ಕಾಯಿಸಿಕೊಳ್ತಾ ಪೇತ್ರ ಯೇಸುವನ್ನು ಅರಿಯೆ ಅಂದನಲ್ಲ, ಆ ಬೆಂಕಿ.

ಪೇತ್ರ ನೀರಿಗೆ ಹಾರಿ, ಸುಮಾರು ಇನ್ನೂರು ಮೊಳ ದಾಟಿ ದಡಕ್ಕೆ ಬಂದ. ಬಂದು ನೋಡಿದರೆ ಅದೇ ಇದ್ದಿಲ ವಾಸನೆ. ಮೂರು ಸಲ ಅಲ್ಲಗಳೆದವನಿಗೆ ಕರ್ತನು ಮೂರು ಸಲ ಪ್ರೀತಿಯ ಪ್ರಶ್ನೆ ಕೇಳಿದ. ಮೂರನೇ ಸಲ ಪೇತ್ರನಿಗೆ ನೋವಾಯಿತು ಅಂತ ವಾಕ್ಯ ಹೇಳ್ತದೆ. ಕರ್ತನು ಗಾಯ ಮುಚ್ಚಿ ಮೇಲೆ ಪಟ್ಟಿ ಕಟ್ಟಲಿಲ್ಲ. ಮೊದಲು ಊಟ ಹಾಕಿದ, ಆಮೇಲೆ ಗಾಯ ತೆರೆದ. ಅದೂ ಎಲ್ಲಿ? ದೋಣಿಯ ಗೆಳೆಯರ ಪಕ್ಕದಲ್ಲೇ. ಅದಾದ ಮೇಲೆ ಕುರಿಗಳನ್ನು ಅವನ ಕೈಗೆ ಕೊಟ್ಟ.

ಇದನ್ನು ಓದಿ ಪರೀಕ್ಷೆ ಬರೆದೆ, ಒಳ್ಳೆಯ ಅಂಕ ಬಂತು. ಊರಿಗೆ ಬಂದು ಇದೇ ಭಾಗದ ಮೇಲೆ ಎರಡು ಸಲ ಪ್ರಸಂಗ ಮಾಡಿದೆ. ಮೂರನೇ ಸಲ ತಯಾರಿ ಮಾಡ್ತಾ ಕೂತಾಗ ಮತ್ತಾಯ 5:23–24 ನೆನಪಿಗೆ ಬಂತು. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಅಂತಾನೆ ಯೇಸು. ಒಂಬತ್ತು ವರ್ಷ ನಾನು ಗಿಟಾರ್ ಕೆಳಗಿಟ್ಟಿರಲಿಲ್ಲ. ದೇವರ ಹತ್ತಿರ ಎಷ್ಟೋ ಸಲ ಅತ್ತಿದ್ದೆ. ಅವನ ಹತ್ತಿರ ಒಂದು ಸಲವೂ ಹೋಗಿರಲಿಲ್ಲ.

ಮಸ್ಕಿಗೆ ಹೋದೆ. ಅವನು ಈಗ ಸ್ವಂತ ಗ್ಯಾರೇಜು ಹಾಕಿದ್ದಾನೆ. ಕೈಯೆಲ್ಲ ಆಯಿಲ್. ನನ್ನನ್ನು ನೋಡಿ, "ಊಟ ಆತೇನು?" ಅಂದ. ಇಲ್ಲ ಅಂದೆ. ಡಬ್ಬಿ ತೆಗೆದ, ಅರ್ಧ ರೊಟ್ಟಿ ನನಗೆ ಕೊಟ್ಟ. ತಿಂತಾ ತಿಂತಾ ನನಗೆ ಗಂಟಲು ಕಟ್ಟಿತು. ಹೇಳಿದೆ: "ಅವತ್ತು ನಿನ್ನ ಬೆರಳು ನಾನೇ ಬಿಡಿಸಿದ್ದು."

ಅವನು ರೊಟ್ಟಿ ಕೆಳಗಿಡಲಿಲ್ಲ. "ನಂಗೇನು ಗೊತ್ತಿಲ್ಲೇನು? ನನ್ನ ಬೆರಳಲ್ಲೇನು ಅವು?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನೀರಾಗ ಹೆದ್ರಿದ್ದಿ, ಅದು ಬಿಡು. ಆಮ್ಯಾಲ ಒಂದಿನಾನೂ ಬರಲಿಲ್ಲಲ್ಲ, ಅದು ನನಗ ತಾಗಿತ್ತು," ಅಂದ.

ಅವನು ರಕ್ಷಣೆ ಹೊಂದಿ ಈಗ ಸಭೆಯಲ್ಲಿದ್ದಾನೆ ಅಂತ ಹೇಳಬೇಕು ಅಂತ ನನಗೂ ಆಸೆ. ಇಲ್ಲ. ಇನ್ನೂ ಬಂದಿಲ್ಲ. ಆದರೆ ಈಗ ನನ್ನ ಫೋನ್ ಎತ್ತುತ್ತಾನೆ. ಇದನ್ನು ನಿಮಗೆ ಹೇಳೋ ಮುಂಚೆ ಅವನನ್ನು ಕೇಳಿದೆ. ಹೆಸರು ಬ್ಯಾಡ, ಉಳಿದದ್ದು ಹೇಳು ಅಂದ.

4. ಹಾಗಾದರೆ ನಾವು ಹೋಗೋಣವಾ?

ಹೋಗೋಣ. ಆದರೆ ಹೀಗೆ ಹೋಗೋಣ.

ಮೊದಲನೆಯದು, ನೀರಿಗೆ ಭಯಪಡೋಣ. ನಂಬಿಕೆ ಇದೆ ಅಂತ ಜಾಕೆಟ್ ಬಿಟ್ಟು ಹೋಗೋದು ನಂಬಿಕೆ ಅಲ್ಲ. ದೇವಾಲಯದ ಮೇಲಿಂದ ಹಾರು ಅಂತ ಸೈತಾನನು ಹೇಳಿದಾಗ ಯೇಸು ಹಾರಲಿಲ್ಲ. ಕೃಷ್ಣೆಯಲ್ಲಿ ಮೊಸಳೆ ಇವೆ. ಬಸವಸಾಗರದ ಗೇಟು ತೆರೆದರೆ ಕೆಳಗೆ ಶೀಲಹಳ್ಳಿ ಸೇತುವೆಯೇ ಮುಳುಗುತ್ತದೆ, ಅಂದಮೇಲೆ ನಮ್ಮ ಹರಿಗೋಲು ಯಾವ ಲೆಕ್ಕ? ನೀರು ಬಿಡುವ ದಿನಗಳಲ್ಲಿ ಹೊಳೆಗೆ ಇಳಿಯೋದು ಬೇಡ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಗಾಳ ಹಾಕೋ ಸಿಂಧನೂರಿನವರು ಕೇಳಿರಿ: ಕಾಲುವೆಯ ಸಿಮೆಂಟ್ ಇಳಿಜಾರಿಗೆ ಪಾಚಿ ಕಟ್ಟಿರ್ತದೆ. ಜಾರಿದರೆ ಈಜು ಬಂದವನಿಗೂ ಹತ್ತೋಕೆ ಹಿಡಿತ ಸಿಗಲ್ಲ.

ಎರಡನೆಯದು, ದೋಣಿ ನಡೆಸುವವರ ಮಾತು ಕೇಳೋಣ. ಮೂರು ಅಂದರೆ ಮೂರೇ. ಅವರು ಓದಿಲ್ಲದಿರಬಹುದು, ನೀರನ್ನು ಓದಿದ್ದಾರೆ.

ಮೂರನೆಯದು, ಮೆಲ್ಲಗೆ ಹೇಳಿದ ಮಾತು ಕೇಳಿಸಿಕೊಳ್ಳೋಣ. ಗೆಳೆಯರ ಗುಂಪಿನಲ್ಲಿ ತನಗೆ ಭಯ ಅಂತ ಯಾರೂ ಜೋರಾಗಿ ಹೇಳಲ್ಲ. ಈಜು ಬರಲ್ಲ ಅನ್ನೋದೂ ಹಾಗೇ. ಸಾಲ ಆಗಿದೆ, ಕುಡಿತ ಬಿಡೋಕೆ ಆಗ್ತಿಲ್ಲ, ಜೀವ ಬೇಡ ಅನ್ನಿಸ್ತಿದೆ ಅನ್ನೋದೂ ಹಾಗೇ, ಕಿವಿಯ ಹತ್ತಿರ ಬಂದು ಹೇಳ್ತಾರೆ. ನಕ್ಕು ಬಿಡಬೇಡಿರಿ. "ನಾನಿದ್ದೀನಿ" ಅನ್ನೋ ಮುಂಚೆ, ನಿಜವಾಗಿ ಇರ್ತೀನಾ ಅಂತ ಕೇಳಿಕೊಳ್ಳಿರಿ.

ಕೊನೆಯದು, ಯಾರ ಬೆರಳನ್ನಾದರೂ ಬಿಡಿಸಿ ಬಂದಿದ್ದರೆ ಹೋಗಿರಿ. ಈ ಕೂಟ ಮುಗಿದ ಮೇಲೆ ಫೋನ್ ಮಾಡಿರಿ. ದೇವರ ಮುಂದೆ ಅತ್ತಿದ್ದೀನಿ ಸಾಕು ಅನ್ನಬೇಡಿರಿ. ದೇವರೇ ನಿಮ್ಮನ್ನು ಆ ಮನೆಗೆ ಕಳಿಸ್ತಿದ್ದಾನೆ. ಅವರು ಕ್ಷಮಿಸ್ತಾರೋ ಇಲ್ಲವೋ, ಅದು ನಿಮ್ಮ ಕೈಯಲ್ಲಿಲ್ಲ. ಹೋಗೋದು ನಿಮ್ಮ ಕೈಯಲ್ಲಿದೆ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ದೋಣಿಗಳ ಹತ್ತಿರಕ್ಕೆ ಬರುವಾತನೇ, ನಿನಗೆ ಸ್ತೋತ್ರ. ನಾವು ಕರೆದುಕೊಂಡು ಹೋಗಿ ಕೈಬಿಟ್ಟವರನ್ನು ಈಗಲೇ ನಮ್ಮ ನೆನಪಿಗೆ ತಾ. ನಾವು ಮುಚ್ಚಿಟ್ಟದ್ದನ್ನು ನಿನ್ನ ಬೆಂಕಿಯ ಹತ್ತಿರ ತೆರೆ. ಎದ್ದು ಹೋಗುವ ಧೈರ್ಯವನ್ನು ಪವಿತ್ರಾತ್ಮನ ಮೂಲಕ ಕೊಡು. ನಮ್ಮನ್ನು ನೀರಿನಿಂದ ಎಳೆದು ತಂದವರನ್ನೂ, ಆ ಹೊಳೆದಂಡೆಯ ಹಿರಿಯರನ್ನೂ ಅವರ ಮನೆಯವರನ್ನೂ ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ. ಆಮೆನ್.