ನಕ್ಷತ್ರಶಿಶುಗಳ ತೊಟ್ಟಿಲಲ್ಲಿ ರಂಜಕ

ಬೆಳಗಾವಿಯ ಹಿಂಡಲಗಾ, ಖಾನಾಪುರಗಳ ಕಡೆ ಭತ್ತದ ಗದ್ದೆಗಳಿಗೆ ಸೂಪರ್ ಫಾಸ್ಫೇಟ್ ಗೊಬ್ಬರ ಹಾಕುವುದುಂಟು. ಪೈರಿಗೆ ರಂಜಕವನ್ನು ಒದಗಿಸುವುದೇ ಇದರ ಉದ್ದೇಶ. ಆದರೆ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಹೇರಳ. ರಂಜಕದ ಬಹುಭಾಗ ಅವುಗಳೊಡನೆ ಕೂಡಿ ಕರಗದ ರೂಪ ತಾಳುತ್ತದೆ. ಬೇರಿಗೆ ದಕ್ಕುವುದು ಸ್ವಲ್ಪವೇ. ಆಕಾಶದಲ್ಲಿಯೂ ರಂಜಕದ ಕಥೆ ಹೆಚ್ಚುಕಡಿಮೆ ಇದೇ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ರಂಜಕವಿಲ್ಲದೆ ಜೀವವಿಲ್ಲ. ನಮ್ಮ ಎಲುಬಿನಲ್ಲಿಯೂ, ಆನುವಂಶಿಕ ಗುಣಗಳನ್ನು ಹೊತ್ತ ಡಿ.ಎನ್.ಎ. ಅಣುವಿನಲ್ಲಿಯೂ, ಜೀವಕೋಶಕ್ಕೆ ಶಕ್ತಿಯನ್ನೀಯುವ ಎ.ಟಿ.ಪಿ.ಯಲ್ಲಿಯೂ ಅದಿದೆ. ಆದರೂ ಅದು ವಿರಳವಾದ ಧಾತು. ಸೂರ್ಯನಲ್ಲಿ ಸುಮಾರು 40 ಲಕ್ಷ ಜಲಜನಕ ಪರಮಾಣುಗಳಿಗೆ ಒಂದೇ ಒಂದು ರಂಜಕ ಪರಮಾಣುವಿದೆ. ಇಷ್ಟು ಅಪರೂಪದ ವಸ್ತು ನಮ್ಮ ಭೂಮಿಗೆ ಯಾವ ರೂಪದಲ್ಲಿ ಬಂದಿತು? ಸೂರ್ಯನ ಶೈಶವ ಕಳೆದು 450 ಕೋಟಿ ವರ್ಷಗಳಿಗೂ ಮಿಗಿಲಾಯಿತು. ಆದುದರಿಂದ ಈಗ ಹುಟ್ಟುತ್ತಿರುವ, ಸೂರ್ಯನನ್ನು ಹೋಲುವ ನಕ್ಷತ್ರಗಳನ್ನೇ ನಾವು ಪರೀಕ್ಷಿಸಬೇಕು.

ಅನಿಲರೂಪದ ಅಣುಗಳು ತಿರುಗುವಾಗ ತಮ್ಮವೇ ಆದ ನಿಶ್ಚಿತ ತರಂಗಾಂತರಗಳ ರೇಡಿಯೋ ಅಲೆಗಳನ್ನು ಹೊರಸೂಸುತ್ತವೆ. ಈ ಅಲೆಗಳೇ ಅಣುಗಳ ಗುರುತು. ಸುಮಾರು 1000 ಜ್ಯೋತಿರ್ವರ್ಷ ದೂರದಲ್ಲಿ, ಪರ್ಸಿಯಸ್ ಮೋಡದಲ್ಲಿ, ಬಿ1-ಎ ಎಂಬ ನಕ್ಷತ್ರಶಿಶುವಿದೆ. ಜೆನ್ನಿಫರ್ ಬರ್ಗ್ನರ್ ಮತ್ತು ಸಂಗಡಿಗರು ಸ್ಪೇನಿನ 30 ಮೀಟರ್ ವ್ಯಾಸದ ದೂರದರ್ಶಕದಿಂದ ಇದನ್ನು ವೀಕ್ಷಿಸಿ, ರಂಜಕವು ಆಮ್ಲಜನಕದೊಡನೆ ಕೂಡಿದ ಪಿಒ, ಸಾರಜನಕದೊಡನೆ ಕೂಡಿದ ಪಿಎನ್ ಎಂಬ ಎರಡು ಅಣುಗಳನ್ನು 2019ರಲ್ಲಿ ವರದಿಮಾಡಿದರು.

ಇವು ಅಲ್ಲಿ ಹುಟ್ಟುವುದು ಹೇಗೆ? ನಕ್ಷತ್ರಶಿಶುವು ತನ್ನ ಎರಡು ಧ್ರುವಗಳಿಂದ ಅನಿಲದ ಧಾರೆಗಳನ್ನು ವೇಗವಾಗಿ ಚಿಮ್ಮುತ್ತದೆ. ಅವು ಸುತ್ತಲಿನ ಮೋಡಕ್ಕೆ ಬಡಿದಾಗ ಆಘಾತತರಂಗವೇಳುತ್ತದೆ. ಆ ಹೊಡೆತಕ್ಕೆ ಧೂಳುಕಣಗಳು ಸವೆದು, ಅವುಗಳಲ್ಲಿ ಅಡಗಿದ್ದ ರಂಜಕ ಅನಿಲಕ್ಕೆ ಸೇರಿ, ಈ ಅಣುಗಳಾಗುತ್ತದೆ. ಹೀಗೆ ಬಿಡುಗಡೆಯಾಗುವುದು ಶೇಕಡಾ ಒಂದಕ್ಕೂ ಕಡಿಮೆ. ಉಳಿದುದು ಘನರೂಪದಲ್ಲಿಯೇ ಬಂಧಿತವಾಗಿರುತ್ತದೆಂದು ತಿಳಿಯಲಾಗಿದೆ. ಉಲ್ಕಾಶಿಲೆಗಳಲ್ಲಿ ರಂಜಕವು ಕಬ್ಬಿಣ-ನಿಕ್ಕಲ್‌ಗಳೊಡನೆ ಕೂಡಿ ಶ್ರೈಬರ್ಸೈಟ್ ಎಂಬ ಖನಿಜವಾಗಿಯೂ ದೊರೆಯುತ್ತದೆ. ಗದ್ದೆಯಂತೆ ಇಲ್ಲಿಯೂ ಕಬ್ಬಿಣವೇ ಅದರ ಜೊತೆಗಾರ!

67ಪಿ ಧೂಮಕೇತುವಿನ ಬಳಿ ರೊಸೆಟ್ಟಾ ನೌಕೆಯ ಉಪಕರಣವು ಅಳೆದ ರಂಜಕದ ಮುಖ್ಯ ವಾಹಕವೂ ಪಿಒ ಎಂದು 2020ರಲ್ಲಿ ತಿಳಿದುಬಂದಿತು. ನಕ್ಷತ್ರಶಿಶುವಿನ ಸುತ್ತ ಕಂಡ ಅಣುವೇ ನಮ್ಮ ಸೌರವ್ಯೂಹದ ಹಳೆಯ ಹಿಮದಲ್ಲಿಯೂ ಇರುವುದರಿಂದ, ಧೂಮಕೇತುಗಳು, ಉಲ್ಕೆಗಳು ಎಳೆಯ ಭೂಮಿಗೆ ರಂಜಕವನ್ನು ತಂದಿರಬಹುದೆಂಬ ಊಹೆಗೆ ಬಲ ಬಂದಿದೆ.

ಡಿಸೆಂಬರ್ ರಾತ್ರಿ ಕೃತ್ತಿಕೆಯಿಂದ ತುಸು ಉತ್ತರಕ್ಕೆ ದೃಷ್ಟಿ ಹಾಯಿಸಿರಿ. ಆ ಮೋಡ ಕಣ್ಣಿಗೆ ಕಾಣದು. ಆದರೆ ನಮ್ಮ ಎಲುಬಿನ ಪೂರ್ವಚರಿತ್ರೆಯಂಥದೇ ಒಂದು ಅಲ್ಲಿ ಈಗ ನಡೆಯುತ್ತಿದೆ.