ಅಗಲ ನೋಟದ ಮಸೂರ: ಕೊಳ್ಳುವ ಮುನ್ನ ಒಂದು ಲೆಕ್ಕ

ನಮ್ಮ ವಾಚನಾಲಯದ ತರುಣ ಮಿತ್ರರೊಬ್ಬರಿಗೆ ವಾರವೆಲ್ಲ ಗುಮಾಸ್ತಿಕೆ. ರಜೆಯ ದಿನ ನಮ್ಮವರ ಮನೆಗಳ ನಾಮಕರಣ, ಸೀಮಂತಗಳ ಛಾಯಾಚಿತ್ರ ತೆಗೆದು, ಬಂದ ನಾಲ್ಕು ಕಾಸನ್ನು ಊರಿಗೆ ಕಳಿಸುತ್ತಾರೆ. ಅವರಲ್ಲಿರುವುದು ಕ್ಯಾನನ್ ಆರ್50 ಎಂಬ ಮಿರರ್‌ಲೆಸ್ ಕ್ಯಾಮರಾ. ಅದರೊಡನೆ ಬಂದ 18–45 ಮಿ.ಮೀ. ಮಸೂರದಲ್ಲಿ ಸಂಜೆಯ ಚಿತ್ರಗಳು ಮಸುಕಾಗುತ್ತಿದ್ದವು. ಅದೇ ಕಂಪನಿಯ 28 ಮಿ.ಮೀ. ಮಸೂರಕ್ಕೆಂದು ಎರಡು ತಿಂಗಳ ಉಳಿತಾಯ ಕೂಡಿಸಿ, "ಕೊಳ್ಳಲೇ, ಬೇಡವೇ?" ಎಂದು ಕೇಳಿದರು. ನಾವು ಕಾಗದ, ಪೆನ್ಸಿಲು ಹಿಡಿದು ಕುಳಿತೆವು. ಆ ಲೆಕ್ಕವನ್ನೇ ವಾಚಕರ ಮುಂದೆ ಇಡುತ್ತೇವೆ.

ಮೊದಲನೆಯದು ಗಾತ್ರ. 2023ರಲ್ಲಿ ಬಂದ ಈ ಮಸೂರದ ತೂಕ 120 ಗ್ರಾಂ, ದಪ್ಪ ಸುಮಾರು 25 ಮಿ.ಮೀ.; ಅಂಗಿಯ ಜೇಬಿಗೂ ಭಾರವಲ್ಲ. ಒಳಗೆ ಕನ್ನಡಿ ಇಲ್ಲದ ಕಾರಣ ಮಸೂರವು ಸೆನ್ಸರಿಗೆ ಹತ್ತಿರ ಕೂರಬಲ್ಲದು. ಕ್ಯಾನನ್ನಿನ ಹಳೆಯ ಪದ್ಧತಿಯಲ್ಲಿ ಈ ಅಂತರ 44 ಮಿ.ಮೀ. ಇತ್ತು, ಹೊಸದರಲ್ಲಿ 20.

ಎರಡನೆಯದು ಅಗಲ. ಗೋಡೆಯ ಎಷ್ಟು ಅಗಲ ಚಿತ್ರದಲ್ಲಿ ಬರುವುದೆಂದು ತಿಳಿಯಲು, ದೂರವನ್ನು ಸೆನ್ಸರಿನ ಅಗಲದಿಂದ ಗುಣಿಸಿ ಮಸೂರದ ಮಿ.ಮೀ. ಸಂಖ್ಯೆಯಿಂದ ಭಾಗಿಸಬೇಕು. ಪೂರ್ಣ ಗಾತ್ರದ ಸೆನ್ಸರಿನ ಅಗಲ 36 ಮಿ.ಮೀ. ಅದರಲ್ಲಿ 28ರ ಮಸೂರ ಹತ್ತಡಿ ದೂರದಿಂದ ಸುಮಾರು 13 ಅಡಿ ಹಿಡಿಯುತ್ತದೆ. ಆದರೆ ಆರ್50ರ ಸೆನ್ಸರು 22.3 ಮಿ.ಮೀ. ಮಾತ್ರ, ಆಗ ಸಿಗುವುದು 8 ಅಡಿ. ಕೈಯಲ್ಲಿದ್ದ ಹಳೆಯ ಮಸೂರವೇ 18ರಲ್ಲಿ 12 ಅಡಿಗೂ ಮಿಕ್ಕಿ ಹಿಡಿಯುತ್ತಿತ್ತು! ಹಣ ಕೊಟ್ಟು ಕೋಣೆಯನ್ನು ಇನ್ನಷ್ಟು ಇಕ್ಕಟ್ಟು ಮಾಡಿಕೊಂಡಂತಾಗುತ್ತಿತ್ತು. 2021ರಲ್ಲಿ ಬಂದ 16 ಮಿ.ಮೀ. ಮಸೂರವಾದರೆ ಸುಮಾರು 14 ಅಡಿ. ಅದರ ತೂಕ 165 ಗ್ರಾಂ.

ಮೂರನೆಯದು ಬೆಳಕು. ಹಳೆಯ ಮಸೂರ ಹೆಚ್ಚೆಂದರೆ ಎಫ್ 4.5ರವರೆಗೆ ತೆರೆಯುತ್ತದೆ, 16ರದು ಎಫ್ 2.8. ಎರಡರ ವರ್ಗಗಳನ್ನು ಹೋಲಿಸಿದರೆ ಬೆಳಕು ಎರಡೂವರೆ ಪಟ್ಟು ಹೆಚ್ಚು. 1/50 ಸೆಕೆಂಡು ಬೇಕಿದ್ದ ಕಡೆ 1/125 ಸಾಕು. ಹಳೆಯದರಲ್ಲಿ ಕೈನಡುಕ ತಡೆಯುವ ಏರ್ಪಾಡಿದೆ, 16ರಲ್ಲಿಲ್ಲ, ಆರ್50ರ ಒಡಲಿನಲ್ಲೂ ಇಲ್ಲ. ಆದರೆ ಆ ಏರ್ಪಾಡು ನಮ್ಮ ಕೈಯನ್ನು ಹಿಡಿದೀತೇ ಹೊರತು, ತೊಟ್ಟಿಲಲ್ಲಿ ಕಾಲು ಬಡಿಯುವ ಮಗುವನ್ನಲ್ಲ.

ನಾಲ್ಕನೆಯದು ದೋಷ. 16ರಲ್ಲಿ ನೇರ ಗೆರೆಗಳು ಪೀಪಾಯಿಯಂತೆ ಉಬ್ಬುತ್ತವೆ. ಕ್ಯಾಮರಾವೇ ಅದನ್ನು ತಿದ್ದುತ್ತದೆ. ಪೂರ್ಣ ತೆರೆದಾಗ ಮೂಲೆಗಳು ಮಂದ. ಚಿಕ್ಕ ಸೆನ್ಸರಿನಲ್ಲಿ ಆ ತುದಿಗಳು ಚಿತ್ರದ ಹೊರಗೇ ಉಳಿಯುತ್ತವೆ. ಅಂಚಿನಲ್ಲಿ ನಿಂತವರ ಮುಖ ಎಳೆದಂತೆ ಕಾಣುವುದರಿಂದ ಹಿರಿಯರನ್ನು ನಡುವೆ ಕೂಡಿಸಬೇಕು.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿರಿ: ಗೋಡೆಗೆ ವೃತ್ತಪತ್ರಿಕೆ ಹಚ್ಚಿ, ನೇರ ನಿಂತು ಎಫ್ 2.8 ಮತ್ತು 5.6ರಲ್ಲಿ ಚಿತ್ರ ತೆಗೆದು, ನಾಲ್ಕು ಮೂಲೆಗಳ ಅಕ್ಷರ ಹಿಗ್ಗಿಸಿ ನೋಡಿರಿ. ಒಂದೇ ಮೂಲೆ ಮಸುಕಾದರೆ ಆ ಮಸೂರ ಬೇಡ. ಬಳಸಿದ ಮಾಲಾದರೆ ದೀಪಕ್ಕೆ ಹಿಡಿದು, ಒಳಗೆ ಬೂಷ್ಟಿನ ಎಳೆಗಳಿವೆಯೇ ನೋಡಿರಿ.

ನಮ್ಮ ಮಿತ್ರರು 28ನ್ನು ಕೈಬಿಟ್ಟು, 16ನ್ನು ಒಂದು ದಿನ ಬಾಡಿಗೆಗೆ ತಂದರು. ಆ ಸಂಜೆಯ ನಾಮಕರಣದಲ್ಲಿ ತೊಟ್ಟಿಲೂ, ಊರಿಂದ ಬಂದ ಅಜ್ಜಿಯೂ, ಬಾಗಿಲ ಬಳಿಯ ನೆರೆಯವರೂ ಒಂದೇ ಚಿತ್ರದಲ್ಲಿ ನಿಚ್ಚಳವಾಗಿ ಬಂದರು. ಅನಂತರವೇ ಹಣ ಕೊಟ್ಟರು. ಕೊಳ್ಳುವವರು ಮೊದಲು ತಮ್ಮ ಕೋಣೆಯನ್ನು ಅಳೆಯಲಿ. ಮಸೂರದ ಮಾತು ಆಮೇಲೆ.