ಯಂತ್ರಕ್ಕೆ ಸೊನ್ನೆ ತೋರಿಸುವ ಪಾಠ: ಸಿಎನ್‌ಸಿ ಯಂತ್ರವನ್ನು ಕೈಯಾರೆ ನಡೆಸುವುದು ಹೇಗೆ?



ನಮ್ಮ ಸಾಗರ ಸೀಮೆಗೆ ಮರದ ಕೆತ್ತನೆ ಹೊಸದೇನಲ್ಲ. ಗುಡಿಗಾರರ ಉಳಿ, ಸುತ್ತಿಗೆಗಳಿಂದ ಈ ಭಾಗಕ್ಕೆ ಹೆಸರು ಬಂದಿದೆ. ಈಗ ಬಾಗಿಲು, ಕಿಟಕಿ, ಮಂಚದ ಹಲಗೆಗಳ ಮೇಲಿನ ಹೂಬಳ್ಳಿಯನ್ನು ಸಿಎನ್‌ಸಿ ರೂಟರ್ ಎಂಬ ಯಂತ್ರವೂ ಕೆತ್ತುತ್ತದೆ. ಸಿಎನ್‌ಸಿ ಎಂದರೆ ಕಂಪ್ಯೂಟರ್ ನ್ಯೂಮೆರಿಕಲ್ ಕಂಟ್ರೋಲ್. ಕಂಪ್ಯೂಟರ್ ಕೊಡುವ ಸಂಖ್ಯೆಗಳ ಪ್ರಕಾರ ಉಪಕರಣ ಚಲಿಸುವುದು ಎಂದು ಇದರ ಅರ್ಥ. ಸಂಖ್ಯೆಗಳಿಂದ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿ ಸಂಸ್ಥೆ 1952ರಲ್ಲಿ ಮಾಡಿ ತೋರಿಸಿತು. ಮರುವರ್ಷವೇ, 1953ರಲ್ಲಿ, ಬೆಂಗಳೂರಿನಲ್ಲಿ ಎಚ್‌ಎಂಟಿ ಕಾರ್ಖಾನೆ ಹುಟ್ಟಿ, ಯಂತ್ರಗಳನ್ನು ಮಾಡುವ ಯಂತ್ರಗಳ ತಯಾರಿಕೆಗೆ ಕರ್ನಾಟಕ ಹೆಸರಾಯಿತು.

ಗುಡಿಗಾರರ ಬೆರಳಿಗೆ ಮರದ ಗಂಟು, ಎಳೆ, ಅಂಚು ಎಲ್ಲವೂ ತಿಳಿಯುತ್ತದೆ. ಯಂತ್ರಕ್ಕೆ ಆ ಸ್ಪರ್ಶವಿಲ್ಲ. ಹಲಗೆ ಎಲ್ಲಿದೆ, ಎಷ್ಟು ದಪ್ಪವಿದೆ, ಬಿಟ್‌ನ ತುದಿ ಎಲ್ಲಿಗೆ ಬಂದಿದೆ ಎಂಬುದನ್ನು ಮನುಷ್ಯನೇ ಅದಕ್ಕೆ ಹೇಳಿಕೊಡಬೇಕು. ಚಿತ್ರ ಎಷ್ಟೇ ಚೆನ್ನಾಗಿರಲಿ, ಸೊನ್ನೆ ತಪ್ಪಾಗಿದ್ದರೆ ಯಂತ್ರ ಆ ಚಿತ್ರವನ್ನು ತಪ್ಪು ಜಾಗದಲ್ಲಿ ಅಚ್ಚುಕಟ್ಟಾಗಿ ಕೆತ್ತುತ್ತದೆ. ಮನೆಯ ಹಿತ್ತಲಲ್ಲಿ ಬೆಳೆದ ಹಲಸಿನ ಮರವನ್ನು ಕೊಯ್ಸಿ, ವರ್ಷಗಟ್ಟಲೆ ಒಣಗಿಸಿ ಬಾಗಿಲಿಗೆಂದು ತಂದವರ ಹಲಗೆ ಅದಾಗಿದ್ದರೆ ಮತ್ತೊಂದು ಸಿಗುವುದಿಲ್ಲ. ಆದ್ದರಿಂದ ಈ ಪಾಠದಲ್ಲಿ ಕೆತ್ತನೆಗೆ ಮೊದಲಿನ ಆ ಹತ್ತು ನಿಮಿಷದ ಕೆಲಸವನ್ನು ಕಲಿಯೋಣ. ಇದಕ್ಕೆ ಬೇಕಾದ ಗಣಿತ ನಿಮ್ಮ ಪಿಯುಸಿ ಪುಸ್ತಕದಲ್ಲೇ ಇದೆ.

ಜಾಗ್ ಎಂದರೇನು?

ಪ್ರೋಗ್ರಾಂ ಓಡಿಸದೆ, ಸಾಫ್ಟ್‌ವೇರಿನ ಪರದೆಯ ಗುಂಡಿ, ಕೀಬೋರ್ಡಿನ ಬಾಣದ ಕೀಲಿ ಅಥವಾ ಕೈಚಕ್ರದ ಮೂಲಕ ಉಪಕರಣವನ್ನು ನಾವೇ ಸರಿಸುವುದಕ್ಕೆ ಜಾಗ್ ಮಾಡುವುದು ಎನ್ನುತ್ತಾರೆ. ಇದರಲ್ಲಿ ಮೂರು ಬಗೆ.

1. ನಿರಂತರ ಜಾಗ್: ಕೀಲಿ ಒತ್ತಿ ಹಿಡಿದಷ್ಟು ಹೊತ್ತು ಚಲನೆ, ಬಿಟ್ಟರೆ ನಿಲುಗಡೆ.
2. ಹೆಜ್ಜೆ ಜಾಗ್: ಒಂದು ಸಲ ಒತ್ತಿದರೆ ಗೊತ್ತುಮಾಡಿದ ದೂರ ಮಾತ್ರ. ಸಾಮಾನ್ಯವಾಗಿ 10, 1, 0.1, 0.01 ಮಿ.ಮೀ. ಎಂಬ ಆಯ್ಕೆಗಳಿರುತ್ತವೆ.
3. ಕೈಚಕ್ರ: ಸುತ್ತಿಗೆ 100 ಟಿಕ್ ಇರುವ ಸಣ್ಣ ಚಕ್ರ. ಟಿಕ್ಕಿಗೆ 0.1 ಮಿ.ಮೀ. ಇಟ್ಟರೆ ಪೂರ್ತಿ ಸುತ್ತಿಗೆ 10 ಮಿ.ಮೀ., 0.01 ಇಟ್ಟರೆ 1 ಮಿ.ಮೀ.

ಯಾವುದನ್ನು ಯಾವಾಗ ಬಳಸಬೇಕು? ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚ್‌ನಲ್ಲಿ ಓಡಾಡಿದ ನಮಗೆ ಇದನ್ನು ವಿವರಿಸಬೇಕಿಲ್ಲ. ಹಿನ್ನೀರಿನ ನಡುವೆ ಹೋಗುವ ವೇಗದಲ್ಲಿ ಲಾಂಚನ್ನು ದಡಕ್ಕೆ ತರುವುದಿಲ್ಲ. ದೂರವಿದ್ದಾಗ ನಿರಂತರ ಜಾಗ್, ಹತ್ತಿರ ಬಂದಾಗ 1 ಮಿ.ಮೀ. ಹೆಜ್ಜೆ, ತಾಗುವ ಹೊತ್ತಿಗೆ 0.1 ಮಿ.ಮೀ. ಹೆಜ್ಜೆ.

ಲೆಕ್ಕ ಹಾಕಿ ನೋಡಿ. ಜಾಗ್ ವೇಗ ನಿಮಿಷಕ್ಕೆ 3000 ಮಿ.ಮೀ. ಎಂದರೆ ಸೆಕೆಂಡಿಗೆ 50 ಮಿ.ಮೀ. ಕಣ್ಣು ಅಪಾಯ ಕಂಡು ಬೆರಳು ಕೀಲಿ ಬಿಡಲು ಕಾಲು ಸೆಕೆಂಡ್ ಬೇಕಾದರೆ ಅಷ್ಟರಲ್ಲಿ ಬಿಟ್ 12.5 ಮಿ.ಮೀ. ಮುಂದೆ ಹೋಗಿರುತ್ತದೆ. ಬಿಟ್ ಮುರಿಯಲು ಅಷ್ಟು ಧಾರಾಳ ಸಾಕು. ವೇಗವನ್ನು 300ಕ್ಕೆ ಇಳಿಸಿದರೆ ಅದೇ ಸಮಯದಲ್ಲಿ 1.25 ಮಿ.ಮೀ. ಮಾತ್ರ.

ಮೂರು ಅಕ್ಷಗಳು ಮತ್ತು ಬಲಗೈ

ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಪರಸ್ಪರ ಲಂಬವಾಗಿ ಹಿಡಿಯಿರಿ. ಹೆಬ್ಬೆರಳು ಎಕ್ಸ್, ತೋರುಬೆರಳು ವೈ, ನಡುಬೆರಳು ಝಡ್. ಮೇಜಿನ ಮುಂದೆ ನಿಂತವರಿಗೆ ರೂಟರಿನಲ್ಲಿ ಸಾಮಾನ್ಯವಾಗಿ ಬಲಕ್ಕೆ ಎಕ್ಸ್ ಧನ, ಆಚೆಗೆ ವೈ ಧನ, ಮೇಲಕ್ಕೆ ಝಡ್ ಧನ. ಒಂದು ಮಾತು ಮರೆಯಬೇಡಿ: ಝಡ್ ಧನ ಎಂದರೆ ಹಲಗೆಯಿಂದ ದೂರ, ಝಡ್ ಋಣ ಎಂದರೆ ಹಲಗೆಯತ್ತ.

ಚಿಹ್ನೆಗಳು ಯಾವಾಗಲೂ ಹಲಗೆಗೆ ಹೋಲಿಸಿದಾಗ ಉಪಕರಣ ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ಹೇಳುತ್ತವೆ. ಕೆಲವು ಯಂತ್ರಗಳಲ್ಲಿ ಉಪಕರಣ ನಿಂತೇ ಇದ್ದು ಮೇಜು ಸರಿಯುತ್ತದೆ. ಅಲ್ಲಿ ಎಕ್ಸ್ ಧನ ಒತ್ತಿದರೆ ಮೇಜು ಎಡಕ್ಕೆ ಹೋಗುತ್ತದೆ. ಇದು ದೋಷವಲ್ಲ. ಸಾಪೇಕ್ಷ ಚಲನೆಯ ಪಾಠವನ್ನು ನೆನಪಿಸಿಕೊಳ್ಳಿ.

ಎರಡು ಸೊನ್ನೆಗಳು

ಸಿಎನ್‌ಸಿ ಕಲಿಯುವವರು ಹೆಚ್ಚು ಗೊಂದಲ ಪಡುವುದು ಇಲ್ಲೇ. ಯಂತ್ರಕ್ಕೆ ಎರಡು ಮೂಲಬಿಂದುಗಳಿವೆ.

ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ ಎಂದು ನಾವೆಲ್ಲ ಕೇಳಿದ್ದೇವೆ. ಅದು ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ. ಆದರೆ ನೀರು ನಮ್ಮ ಗದ್ದೆಯ ಬದುವಿನಿಂದ ಎಷ್ಟು ಕೆಳಗಿದೆ ಎಂದು ನೋಡುವವರು ಬದುವಿನಿಂದಲೇ ಅಳೆಯುತ್ತಾರೆ. ನೀರು ಒಂದೇ, ಅಳತೆ ಶುರುವಾಗುವ ಜಾಗ ಬೇರೆ. ಹಾಗೆಯೇ ಯಂತ್ರದ ಸೊನ್ನೆ ಸಮುದ್ರ ಮಟ್ಟವಿದ್ದಂತೆ, ಬದಲಾಗದು. ಕೆಲಸದ ಸೊನ್ನೆ ಬದುವಿದ್ದಂತೆ, ಹಲಗೆ ಬದಲಾದಾಗ ಅದೂ ಬದಲಾಗುತ್ತದೆ.

ಯಂತ್ರದ ಸೊನ್ನೆಯನ್ನು ಹುಡುಕುವ ಕ್ರಿಯೆಗೆ ಹೋಮಿಂಗ್ ಎಂದು ಹೆಸರು. ಪ್ರತಿ ಅಕ್ಷವೂ ತುದಿಯ ಲಿಮಿಟ್ ಸ್ವಿಚ್ಚಿಗೆ ತಾಗಿ, ಸ್ವಲ್ಪ ಹಿಂದೆ ಸರಿದು, ನಿಧಾನವಾಗಿ ಇನ್ನೊಮ್ಮೆ ತಾಗಿ ತನ್ನ ಸ್ಥಾನವನ್ನು ಗೊತ್ತುಮಾಡಿಕೊಳ್ಳುತ್ತದೆ. ಕೆಲಸದ ಸೊನ್ನೆಯನ್ನು ನಾವು ಜಾಗ್ ಮಾಡಿ ತೋರಿಸುತ್ತೇವೆ. ಅದನ್ನು ಜಿ54ರಿಂದ ಜಿ59ರವರೆಗಿನ ಆರು ಖಾನೆಗಳಲ್ಲಿ ಯಾವುದಾದರೊಂದರಲ್ಲಿ ಉಳಿಸಬಹುದು. ಇವೆರಡರ ಸಂಬಂಧ ಸರಳ:

ಕೆಲಸದ ನಿರ್ದೇಶಾಂಕ = ಯಂತ್ರದ ನಿರ್ದೇಶಾಂಕ − ಕೆಲಸದ ಸೊನ್ನೆಯ ಯಂತ್ರ ನಿರ್ದೇಶಾಂಕ

ಉದಾಹರಣೆ: ಕೆಲಸದ ಸೊನ್ನೆ ಯಂತ್ರದ ಲೆಕ್ಕದಲ್ಲಿ (−450, −320, −62) ಆಗಿರಲಿ. ಬಿಟ್ ಈಗ (−400, −300, −57) ರಲ್ಲಿದೆ. ಆಗ ಕೆಲಸದ ನಿರ್ದೇಶಾಂಕ (50, 20, 5). ಅಂದರೆ ಸೊನ್ನೆಯಿಂದ ಬಲಕ್ಕೆ 50, ಆಚೆಗೆ 20, ಮೇಲಕ್ಕೆ 5 ಮಿ.ಮೀ. ಯಂತ್ರದ ಸಂಖ್ಯೆಗಳು ಋಣದಲ್ಲಿರುವುದನ್ನು ಕಂಡು ಗಾಬರಿ ಬೇಡ. ಬಲ ತುದಿಯಲ್ಲಿ, ಆಚೆಯಲ್ಲಿ, ಮೇಲೆ ಹೋಮ್ ಆಗುವ ಯಂತ್ರದಲ್ಲಿ ಉಳಿದ ಜಾಗವೆಲ್ಲ ಋಣವೇ.

ಕೀಲಿ ಒತ್ತಿದಾಗ ಒಳಗೆ ನಡೆಯುವುದು

ಸಣ್ಣ ರೂಟರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜಿಆರ್‌ಬಿಎಲ್ ಎಂಬ ಉಚಿತ ನಿಯಂತ್ರಕವನ್ನೇ ತೆಗೆದುಕೊಳ್ಳೋಣ. ಇದು ಆರ್ಡುಯಿನೋ ಊನೋ ಎಂಬ ಚಿಕ್ಕ ಬೋರ್ಡಿನಲ್ಲಿ ಓಡುತ್ತದೆ. ನೀವು ಎಕ್ಸ್ ಧನಕ್ಕೆ 10 ಮಿ.ಮೀ. ಎಂದು ಒತ್ತಿದಾಗ ಕಂಪ್ಯೂಟರ್ ಕಳಿಸುವ ಆಜ್ಞೆಯಲ್ಲಿ ಮುಖ್ಯವಾಗಿ ಮೂರು ಭಾಗಗಳಿರುತ್ತವೆ: ಜಿ91, ಎಕ್ಸ್10, ಎಫ್500. ಜಿ91 ಎಂದರೆ ಈಗಿರುವ ಜಾಗದಿಂದ ಎಣಿಸು, ಎಕ್ಸ್10 ಎಂದರೆ 10 ಮಿ.ಮೀ. ಬಲಕ್ಕೆ, ಎಫ್500 ಎಂದರೆ ನಿಮಿಷಕ್ಕೆ 500 ಮಿ.ಮೀ. ವೇಗ. ಜಿ91ರ ಬದಲು ಜಿ90 ಇದ್ದರೆ ಅದೇ ಎಕ್ಸ್10, ಸೊನ್ನೆಯಿಂದ 10 ಮಿ.ಮೀ. ದೂರದ ಬಿಂದುವಿಗೆ ಹೋಗು ಎಂದಾಗುತ್ತದೆ. ಕೈಯಿಂದ ಆಜ್ಞೆ ಬರೆಯುವವರು ಇವೆರಡನ್ನು ಅದಲುಬದಲು ಮಾಡಿದರೆ ಬಿಟ್ ನೆನೆಸದ ಕಡೆಗೆ ಓಡುತ್ತದೆ.

ನಿಯಂತ್ರಕ ಈ ದೂರವನ್ನು ಮೋಟರಿನ ಹೆಜ್ಜೆಗಳಾಗಿ ಬದಲಿಸುತ್ತದೆ. ಸ್ಟೆಪ್ಪರ್ ಮೋಟರ್ ಹೆಜ್ಜೆಗೆ 1.8 ಡಿಗ್ರಿ ತಿರುಗಿದರೆ ಸುತ್ತಿಗೆ 200 ಹೆಜ್ಜೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 8 ಭಾಗ ಮಾಡಿದರೆ 1600. ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಸರಿಸಿದರೆ ಮಿ.ಮೀ.ಗೆ 1600 ÷ 5 = 320 ಹೆಜ್ಜೆ. ಈ ಸಂಖ್ಯೆ ತಪ್ಪಾಗಿ ತುಂಬಿದ್ದರೆ 10 ಮಿ.ಮೀ. ಕೇಳಿದಾಗ ಬೇರೆಯೇ ದೂರ ಹೋಗುತ್ತದೆ. ಆದ್ದರಿಂದ ಹೊಸ ಯಂತ್ರದಲ್ಲಿ ಮೊದಲು 100 ಮಿ.ಮೀ. ಜಾಗ್ ಮಾಡಿ ಸ್ಕೇಲಿನಲ್ಲಿ ಅಳೆಯಬೇಕು.

ನಿರಂತರ ಜಾಗ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೀಲಿ ಒತ್ತಿದಾಗ ಸಾಫ್ಟ್‌ವೇರ್ ದೂರದ ಗುರಿಯೊಂದನ್ನು ಕಳಿಸಿ, ನೀವು ಬೆರಳು ಎತ್ತಿದಾಗ ಜಾಗ್ ರದ್ದು ಎಂಬ ಸಂಕೇತ ಕಳಿಸುತ್ತದೆ. ಆ ಕ್ಷಣದಲ್ಲೇ ಯುಎಸ್‌ಬಿ ತಂತಿ ಸಡಿಲವಾದರೆ ರದ್ದು ಸಂಕೇತ ತಲುಪುವುದಿಲ್ಲ, ಯಂತ್ರ ಮೊದಲಿನ ಗುರಿಯತ್ತ ಸಾಗುತ್ತಲೇ ಇರುತ್ತದೆ. ಹಲಗೆಯ ಹತ್ತಿರ ಹೆಜ್ಜೆ ಜಾಗ್ ಮಾತ್ರ ಬಳಸಿ ಎನ್ನುವುದು ಇದಕ್ಕೇ.

ಸೊನ್ನೆ ಕೂರಿಸುವ ಕ್ರಮ

ಹಲಗೆಯ ಮುಂದಿನ ಎಡಮೂಲೆಯ ಮೇಲ್ಮೈ ನಮ್ಮ ಸೊನ್ನೆ, ಬಿಟ್‌ನ ವ್ಯಾಸ 6 ಮಿ.ಮೀ. ಎಂದುಕೊಳ್ಳಿ. ಸ್ಪಿಂಡಲ್ ಆಫ್ ಮಾಡಿ ಅದರ ಪ್ಲಗ್ ಕಿತ್ತಿಡಿ.

ಮೊದಲು ಹೋಮಿಂಗ್ ಮಾಡಿ. ಹಲಗೆಯನ್ನು ಅಲುಗದಂತೆ ಕ್ಲ್ಯಾಂಪ್ ಮಾಡಿ. ಝಡ್ ಎತ್ತರದಲ್ಲಿರುವಾಗಲೇ ಎಕ್ಸ್, ವೈ ಜಾಗ್ ಮಾಡಿ ಬಿಟ್ಟನ್ನು ಹಲಗೆಯ ಎಡಕ್ಕೆ, ಹೊರಗೆ ತನ್ನಿ. ಅಲ್ಲಿ ಝಡ್ ಇಳಿಸಿ. ಬಿಟ್ ಮತ್ತು ಹಲಗೆಯ ಅಂಚಿನ ನಡುವೆ ಒಂದು ತುಂಡು ಕಾಗದ ಹಿಡಿದು 0.1 ಮಿ.ಮೀ. ಹೆಜ್ಜೆಯಲ್ಲಿ ಹತ್ತಿರ ಸರಿಸಿ. ಕಾಗದ ಎಳೆದರೆ ಸಣ್ಣಗೆ ಹಿಡಿದಂತಾಗುವಾಗ ನಿಲ್ಲಿಸಿ.

ಈಗ ಬಿಟ್‌ನ ಕೇಂದ್ರ ಅಂಚಿನಿಂದ ಎಷ್ಟು ದೂರವಿದೆ? ತ್ರಿಜ್ಯ 3 ಮಿ.ಮೀ., ಕಾಗದ 0.1 ಮಿ.ಮೀ., ಒಟ್ಟು 3.1. ಕೇಂದ್ರವು ಅಂಚಿನ ಎಡಕ್ಕಿರುವುದರಿಂದ ಈ ಜಾಗದ ಎಕ್ಸ್ ಸೊನ್ನೆಯಲ್ಲ, −3.1. ಆಜ್ಞೆ: ಜಿ10 ಎಲ್20 ಪಿ1 ಎಕ್ಸ್−3.1. ಕಾಗದದ ದಪ್ಪ ತಿಳಿಯಲು 500 ಹಾಳೆಯ ಕಟ್ಟನ್ನು ಅಳೆದು 500ರಿಂದ ಭಾಗಿಸಿ. 50 ಮಿ.ಮೀ. ಕಟ್ಟಿಗೆ ಹಾಳೆಗೆ 0.1 ಬರುತ್ತದೆ. ವೈ ಅಕ್ಷಕ್ಕೂ ಮುಂದಿನ ಅಂಚಿನಲ್ಲಿ ಹೀಗೆಯೇ ಮಾಡಿ. ಝಡ್‌ಗೆ ಕಾಗದವನ್ನು ಹಲಗೆಯ ಮೇಲಿಟ್ಟು ಬಿಟ್ ಇಳಿಸಿ, ಕಾಗದ ಹಿಡಿದಾಗ ಝಡ್ 0.1 ಎಂದು ಕೊಡಿ. ಇಲ್ಲಿ ತ್ರಿಜ್ಯದ ಮಾತಿಲ್ಲ.

ಚಿತ್ರ ಹಲಗೆಯ ನಟ್ಟನಡುವೆ ಬರಬೇಕಾದರೆ ಇನ್ನೂ ಸುಲಭ. ಎಡ ಅಂಚು ತಾಗಿದಾಗಿನ ಯಂತ್ರದ ಎಕ್ಸ್ −480, ಬಲ ಅಂಚು ತಾಗಿದಾಗ −174 ಎನ್ನಿ. ಮಧ್ಯಬಿಂದು (−480 − 174) ÷ 2 = −327. ಎರಡೂ ಕಡೆ ಒಂದೇ ತ್ರಿಜ್ಯ, ಒಂದೇ ಕಾಗದ ಇರುವುದರಿಂದ ಅವು ತಾವೇ ವಜಾ ಆಗುತ್ತವೆ. ಕಾಗದದ ದಪ್ಪ ಬಿಟ್ಟರೆ ಹಲಗೆಯ ಅಗಲ 306 − 6 = 300 ಮಿ.ಮೀ. ಟೇಪಿನಲ್ಲಿ ಅಳೆದದ್ದಕ್ಕೆ ಇದು ಹೊಂದದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ಆಗಲೇ ತಿಳಿಯುತ್ತದೆ.

ಸ್ಕ್ರೂ ಮತ್ತು ನಟ್ಟಿನ ನಡುವೆ ಕೂದಲೆಳೆಯಷ್ಟು ಸಡಿಲವಿರುತ್ತದೆ. ದಿಕ್ಕು ಬದಲಿಸಿದಾಗ ಮೊದಲ ಕೆಲವು ಹೆಜ್ಜೆ ಆ ಸಡಿಲದಲ್ಲೇ ಕಳೆದುಹೋಗುತ್ತವೆ. ತಾಗುವ ಬಿಂದು ದಾಟಿಹೋದರೆ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲಬೇಡಿ. ಸಾಕಷ್ಟು ಹಿಂದೆ ಹೋಗಿ, ಮತ್ತೆ ಅದೇ ದಿಕ್ಕಿನಿಂದ ಬನ್ನಿ.

ಕರೆಂಟ್ ಹೋದರೆ?

ಮಳೆಗಾಲದಲ್ಲಿ ನಮ್ಮ ಕಡೆ ಇದು ಅಪರೂಪದ ಪ್ರಶ್ನೆಯಲ್ಲ. ಸಾಧಾರಣ ಸ್ಟೆಪ್ಪರ್ ಯಂತ್ರ ತಾನು ಕಳಿಸಿದ ಹೆಜ್ಜೆಗಳನ್ನು ಎಣಿಸುತ್ತದೆಯೇ ಹೊರತು ನಿಜವಾಗಿ ಎಲ್ಲಿದ್ದೇನೆ ಎಂದು ನೋಡುವುದಿಲ್ಲ. ಕರೆಂಟ್ ಹೋದೊಡನೆ ಆ ಎಣಿಕೆಯನ್ನು ನಂಬುವಂತಿಲ್ಲ. ಮೊದಲು ಸ್ಪಿಂಡಲ್ ಸ್ವಿಚ್ ಆಫ್ ಮಾಡಿ, ಇಲ್ಲವಾದರೆ ಕರೆಂಟ್ ಬಂದಾಗ ಅದು ತಾನಾಗಿ ತಿರುಗಲು ಶುರುಮಾಡಬಹುದು. ಕರೆಂಟ್ ಬಂದ ಮೇಲೆ ಹೋಮಿಂಗ್ ಮಾಡಿ. ಝಡ್ ಮೊದಲು ಮೇಲೇಳುವಂತೆ ಹೋಮಿಂಗ್ ಹೊಂದಿಸಿರಬೇಕು. ಜಿ54ರಲ್ಲಿ ಇಟ್ಟ ಸೊನ್ನೆಯನ್ನು ಜಿಆರ್‌ಬಿಎಲ್ ತನ್ನ ಶಾಶ್ವತ ಸ್ಮೃತಿಯಲ್ಲಿ ಉಳಿಸಿರುತ್ತದೆ, ಜಿ92ರಲ್ಲಿ ಇಟ್ಟದ್ದು ಅಳಿಸಿಹೋಗುತ್ತದೆ. ಹಲಗೆ ಅಲುಗಿರದಿದ್ದರೆ ಅರ್ಧ ಕೆತ್ತಿದ ಬಾಗಿಲು ಉಳಿಯುತ್ತದೆ. ಹೋಮಿಂಗ್ ಸ್ವಿಚ್ ಇಲ್ಲದ ಯಂತ್ರವಾದರೆ ಕೆಲಸ ಶುರುವಾಗುವ ಮುಂಚೆಯೇ ಹಲಗೆಯ ಬೇಡದ ಮೂಲೆಯಲ್ಲಿ ಒಂದು ಸಣ್ಣ ಗುರುತಿನ ತೂತು ಹಾಕಿ, ಅದರ ನಿರ್ದೇಶಾಂಕಗಳನ್ನು ಪುಸ್ತಕದಲ್ಲಿ ಬರೆದಿಡಿ.

ಕೈ, ಕಣ್ಣುಗಳ ಕಾಳಜಿ

ಪರದೆಯ ಮೇಲಿನ ನಿಲ್ಲಿಸು ಗುಂಡಿಯನ್ನು ಎಮರ್ಜೆನ್ಸಿ ಸ್ಟಾಪ್ ಎಂದು ತಿಳಿಯಬೇಡಿ. ಕಂಪ್ಯೂಟರ್ ಸ್ತಬ್ಧವಾದರೆ ಅದೂ ಸ್ತಬ್ಧ. ವಿದ್ಯುತ್ತನ್ನೇ ಕಡಿಯುವ ಕೆಂಪು ಗುಂಡಿ ಕೈಗೆಟಕುವಂತಿರಲಿ, ಜಾಗ್ ಮಾಡುವವರೇ ಅದರ ಹತ್ತಿರ ನಿಲ್ಲಲಿ. ಕಣ್ಣು ಪರದೆಯ ಮೇಲಲ್ಲ, ಬಿಟ್ ಮೇಲಿರಲಿ. ಒಬ್ಬರು ಕಾಗದ ಹಿಡಿದು ಇನ್ನೊಬ್ಬರು ಕೀಲಿ ಒತ್ತುವ ಪದ್ಧತಿ ಬೇಡ. ದುಪಟ್ಟಾ, ಸಡಿಲ ತೋಳು, ಉದ್ದ ಕೂದಲು ಕಟ್ಟಿಕೊಳ್ಳಿ. ತಿರುಗುವ ಸ್ಪಿಂಡಲ್ ಬಳಿ ಕೈಗವಸು ಕೂಡದು, ಅದು ಕೈಯನ್ನೇ ಒಳಗೆಳೆಯುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಮುಂದೆ ಕಲಿಯಬೇಕೆನ್ನುವವರಿಗೆ

ಯಂತ್ರವಿಲ್ಲದೆಯೂ ಅಭ್ಯಾಸ ಮಾಡಬಹುದು. ಲಿನಕ್ಸ್‌ಸಿಎನ್‌ಸಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕಾಲ್ಪನಿಕ ಯಂತ್ರವನ್ನು ಪರದೆಯ ಮೇಲೆಯೇ ಹೋಮ್ ಮಾಡಿ, ಜಾಗ್ ಮಾಡಿ, ಸೊನ್ನೆ ಕೂರಿಸಬಹುದು. ಅಲ್ಲಿ ಬಿಟ್ ಮುರಿಯುವ ಭಯವಿಲ್ಲ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿ ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ಟೂಲ್ ಅಂಡ್ ಡೈ ಮೇಕಿಂಗ್‌ನಂಥ ಡಿಪ್ಲೊಮಾಗಳನ್ನು ಕಲಿಸುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿಸಿದ ತಮ್ಮ ತಂಗಿಯರಿಗೂ ಈ ವಿಷಯ ತಿಳಿಸಿ. ಐಟಿಐಗಳಲ್ಲಿ ಮೆಷಿನಿಸ್ಟ್, ಟರ್ನರ್ ವಿಭಾಗಗಳಿವೆ. ಮರದ ಗುಣ ಬಲ್ಲ ಮನೆಯಲ್ಲಿ ಹುಟ್ಟಿ ಈ ಲೆಕ್ಕವನ್ನೂ ಕಲಿತವರಿಗೆ ಊರಲ್ಲೇ ಕೆಲಸ ಮಾಡಲು ಒಂದು ದಾರಿ ಹೆಚ್ಚಾಗುತ್ತದೆ.

ಅಭ್ಯಾಸ

1. ಸುತ್ತಿಗೆ 200 ಹೆಜ್ಜೆಯ ಮೋಟರ್, ಹೆಜ್ಜೆಯ 16 ಭಾಗ, ಸುತ್ತಿಗೆ 4 ಮಿ.ಮೀ. ಸರಿಸುವ ಸ್ಕ್ರೂ. ಮಿ.ಮೀ.ಗೆ ಎಷ್ಟು ಹೆಜ್ಜೆ?
2. ಕೆಲಸದ ಸೊನ್ನೆ ಯಂತ್ರದ (−500, −280, −70) ರಲ್ಲಿದೆ. ಕೆಲಸದ (120, 60, 10) ಬಿಂದುವಿನ ಯಂತ್ರ ನಿರ್ದೇಶಾಂಕಗಳೇನು?
3. 8 ಮಿ.ಮೀ. ಬಿಟ್ ಎಡ ಅಂಚಿಗೆ −512ರಲ್ಲಿ, ಬಲ ಅಂಚಿಗೆ −204ರಲ್ಲಿ ನೇರವಾಗಿ ತಾಗಿತು. ಮಧ್ಯಬಿಂದು ಮತ್ತು ಅಗಲ ಕಂಡುಹಿಡಿಯಿರಿ.
4. ಬಿಟ್ ಹಲಗೆಯಿಂದ 2 ಮಿ.ಮೀ. ಮೇಲಿದೆ. ಹೆಜ್ಜೆ 10 ಮಿ.ಮೀ.ನಲ್ಲೇ ಉಳಿದಿದೆ. ಝಡ್ ಋಣವನ್ನು ಒಮ್ಮೆ ಒತ್ತಿದರೆ ಬಿಟ್ ಹಲಗೆಯೊಳಗೆ ಎಷ್ಟು ಇಳಿಯಲು ನೋಡುತ್ತದೆ?

ಉತ್ತರಗಳು: 1) 800. 2) (−380, −220, −60). 3) −358, 300 ಮಿ.ಮೀ. 4) 8 ಮಿ.ಮೀ.

ನಾಲ್ಕನೆಯ ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು. ಝಡ್ ಕೀಲಿ ಒತ್ತುವ ಮೊದಲು ಪ್ರತಿ ಸಲವೂ ಹೆಜ್ಜೆ ಎಷ್ಟಿದೆ ಎಂದು ನೋಡುವ ಅಭ್ಯಾಸ ಬಂದರೆ ಈ ಪಾಠ ಕಲಿತಂತೆ.